ಮಕ್ಕಳ ಕೌದಿ: ಮ್ಯಾಲಿನ ಪದರ ರೆಡಿ ಅದ, ಟಾಕಿ ಲಗೂನ ಮುಗಸೋದು ಹ್ಯಾಂಗ?

ಪ್ರಶ್ನೆ (ಅಕ್ಕಲಕೋಟ)
ನಮಸ್ಕಾರ್ರೀ. ಅಂಗನವಾಡಿ ಮಕ್ಕಳಿಗೆ ಹೊದಿಯಾಕ ಸಣ್ಣ ಕೌದಿ ಮಾಡಾಕತ್ತೀವಿ. ಚೌಕ ತುಂಡು ಜೋಡಿಸಿ 36 × 45 ಇಂಚಿನ ಮ್ಯಾಲಿನ ಪದರ ತಯಾರಾಗ್ಯಾವು. ಅಸ್ತರಕ್ಕ ಹಳೆ ಕಾಟನ್ ಸೀರಿ, ನಡುವ ತೆಳ್ಳನ ಪಾಲಿಯೆಸ್ಟರ್ ಶೀಟ್. ಅರ್ಧ ಇಂಚಿಗೊಂದು ಸಾಲಿನಂಗ ಕೈಟಾಕಿ ಹಾಕ್ಕೋತ ಕುಂತ್ರ ಚಳಿಗಾಲನ ಮುಗೀತದ. ಮಷಿನ್ ಸಾದಾ, ಕಾಲಿಂದ ತುಳಿಯೋದು. ಒಗದ್ರೂ ಪದರ ಸರಿಯಬಾರದು. ಏನ್ ಮಾಡೋಣ?

ಉತ್ತರ (ಜತ್ತ)
ಗಂಟು ಹಾಕ್ರಿ, ಇದಕ್ಕಿಂತ ಲಗೂ ದಾರಿ ಇಲ್ಲ. ನಾಕ್ ನಾಕ್ ಇಂಚಿಗೆ ಒಂದು, ಅಂದ್ರ ನಿಮ್ಮ ಅಳತಿಗೆ ಸುಮಾರು 80 ಗಂಟು. ಕಸೂತಿ ದಾರದ ಆರೂ ಎಳಿ ಕೂಡಿಸೇ ಪೋಣಸ್ರಿ, 8 ಮೀಟರಿನ ಲಡಿ ಎರಡು ಸಾಕು. ಮೂರೂ ಪದರ ದಾಟಿ ಸೂಜಿ ಇಳಿಸಿ ಕಾಲಿಂಚು ಬಿಟ್ಟು ಮ್ಯಾಲೆ ತಗೀರಿ, ಅದ ಜಾಗಾದಾಗ ಇನ್ನೊಮ್ಮೆ. ದಾರ ಕತ್ತರಿಸದ ಮುಂದಿನ ಜಾಗಕ್ಕ ಹೋಗ್ರಿ. ಸಾಲು ಮುಗದ ಮ್ಯಾಲೆ ನಡುವಿನ ದಾರ ಕತ್ತರಿಸಿದ್ರ ಎರಡೂ ಕಡಿ ಬಾಲ ಸಿಗ್ತಾವ.

ಬಲಗಡಿ ಬಾಲ ಎಡಗಡಿದರ ಮ್ಯಾಲೆ ತಂದು ಒಂದು ಸುತ್ತು, ಆಮ್ಯಾಲೆ ಎಡಗಡಿದು ಬಲಗಡಿದರ ಮ್ಯಾಲೆ. ಎರಡೂ ಸಲ ಒಂದ ಕಡಿಂದ ಹಾಕಿದ್ರ ಗಂಟು ಜಾರಿ ಒಗ್ಯಾಣದಾಗ ಬಿಚ್ಚತದ. ಬಾಲ ಮುಕ್ಕಾಲು ಇಂಚು ಉಳಿಸ್ರಿ. ತೀರಾ ಬಿಗೀಬ್ಯಾಡ್ರಿ, ಹಳೆ ಸೀರಿ ಗಂಟಿನ ಸುತ್ತ ಹರೀತದ. ಮೊದಲ ಸೀರಿ ಬೆಳಕಿಗೆ ಹಿಡಿದು ನೋಡ್ರಿ, ಜಾಳಾದ ಭಾಗ ಬ್ಯಾಡ. ಸಂಶಯ ಇದ್ರ ಎರಡು ಮಡಿಕಿ ಹಾಕ್ರಿ.

ಉತ್ತರ (ಸೋಲಾಪುರ)
ಗಂಟು ಛಲೋ. ಆದ್ರ ದಿನಾ ಎಳದಾಡೋ ಕೌದಿಗೆ ಮಷಿನ್ ಟಾಕಿನ ಹೆಚ್ಚು ಬಾಳಕಿ ಅಂತೀನಿ. 14 ನಂಬರ್ ಸೂಜಿ, ಇಂಚಿಗೆ ಎಂಟು ಟಾಕಿ, ಮಷಿನ್ ಕಾಲಿನ ಒತ್ತಡದ ಸ್ಕ್ರೂ ಸ್ವಲ್ಪ ಸಡಿಲ. ಜೋಡಿಸಿದ ಚೌಕಗಳ ಮೂಲಿಯಿಂದ ಮೂಲಿಗೆ ಓರಿ ಗೆರಿ ಹಾಕಿದ್ರ ಗುರುತು ಹಾಕೋ ಕೆಲಸನೂ ಉಳೀತದ.

ಕೆಡೋದು ಒಂದ ಕಡಿ: ಹಿಂದಿನ ಅಸ್ತರ ನೆರಿಗಿ ಕಟ್ಟೋದು. ಅಸ್ತರ ಎಲ್ಲಾ ಕಡಿ ಎರಡು ಇಂಚು ದೊಡ್ಡದಿರಲಿ. ನೆಲದ ಮ್ಯಾಲೆ ಹಾಸಿ ಅಂಚಿಗೆ ಟೇಪ್ ಅಂಟಿಸಿ ಬಿಗಿ ಮಾಡ್ರಿ, ಎಳದು ಹಿಗ್ಗಿಸಬ್ಯಾಡ್ರಿ. ಅದರ ಮ್ಯಾಲೆ ಶೀಟ್, ಆಮ್ಯಾಲೆ ಮ್ಯಾಲಿನ ಪದರ, ಮುಷ್ಟಿ ಅಗಲಕ್ಕೊಂದು ಸೇಫ್ಟಿ ಪಿನ್. ನಡುವಿನ ಗೆರಿ ಮೊದಲ ಹೊಲದು ಅಂಚಿನ ಕಡೆ ಹೋಗ್ರಿ. ಎಲ್ಲಾ ಗೆರಿ ಒಂದ ದಿಕ್ಕಿಗೆ ಓಡಲಿ; ಒಂದು ಹಿಂಗ, ಒಂದು ಹಂಗ ಹೊಲದ್ರ ಮ್ಯಾಲಿನ ಅರಬಿ ಎದುರಾಬದರ ಸರಿದು ಸೊಟ್ಟ ನೆರಿಗಿ ಬೀಳ್ತಾವ. ಪಾಲಿಯೆಸ್ಟರ್ ಸೇರಿದ ಮ್ಯಾಲೆ ಬಿಸಿ ಇಸ್ತ್ರಿ ಬ್ಯಾಡ, ಶೀಟ್ ಚಪ್ಪಟಿ ಆಗ್ತದ. ಅರಬಿ ಮೊದಲ ಒಗದಿದ್ದೀರಿ ಹೌದಲ್ರೀ?

ಪ್ರಶ್ನೆ (ಅಕ್ಕಲಕೋಟ)
ಹೌದ್ರೀ, ಒಗದೇವಿ. ಅಂಚಿಗೆ ಗೋಟು ಬ್ಯಾರೆ ಕತ್ತರಿಸಬೇಕಾ? ಕೂಸುಗಳು ಗಂಟು ಬಾಯಾಗ ಇಟ್ಕೊಂಡ್ರ?

ಉತ್ತರ (ಜತ್ತ)
ಬ್ಯಾರೆ ಗೋಟು ಬ್ಯಾಡ. ಟಾಕಿ ಮುಗದ ಮ್ಯಾಲೆ ಶೀಟ್ ಮತ್ತ ಮ್ಯಾಲಿನ ಪದರ ಸಮ ಕತ್ತರಿಸಿ, ಅಸ್ತರ ಮಾತ್ರ ಒಂದಿಂಚು ಹೆಚ್ಚು ಬಿಡ್ರಿ. ಅದನ್ನ ಅರ್ಧ ಇಂಚು ಮಡಚಿ, ಇನ್ನೊಮ್ಮೆ ಮ್ಯಾಲೆ ಮಡಚಿ ಮಡಿಕಿ ಅಂಚಿಗೆ ಮಷಿನ್ ಹೊಡೀರಿ. ಮೂಲ್ಯಾಗ ಮೊದಲ ತುದಿ ಓರಿ ಮಡಚಿಕೊಂಡ್ರ ದಪ್ಪಾಗೂದಿಲ್ಲ.

ಬಾಯಾಗ ಇಟ್ಕೊಳ್ಳೋ ವಯಸ್ಸಿನವರಿಗೆ ಗಂಟು ಅಸ್ತರದ ಕಡಿ ಹಾಕಿದ್ರೂ ಸಿಗ್ತಾವ, ಅವರಿಗೆ ಮಷಿನ್ ಟಾಕಿನ ಇರಲಿ. ಗುಂಡಿ, ಮಣಿ, ಕನ್ನಡಿ ಯಾವ ಮಕ್ಕಳ ಕೌದಿಗೂ ಬ್ಯಾಡ. ಒಂದು ವರ್ಷದೊಳಗಿನ ಕೂಸು ಮಲಗಿದಾಗ ಕೌದಿ ಹೊದಿಸಬ್ಯಾಡ್ರಿ, ಉಸಿರು ಕಟ್ಟೋ ಅಪಾಯ ಅದ; ಎದ್ದು ಆಡುವಾಗ ಕೆಳಗ ಹಾಸ್ರಿ.