ಕೆಲಸ ಗೋವಾದಲ್ಲಿತ್ತು, ಮನೆ ಕಾರವಾರದಲ್ಲಿ: ನಿರುದ್ಯೋಗ ಭತ್ಯೆ ಯಾವ ರಾಜ್ಯದ್ದು?

ಮಾಜಾಳಿ ಹುಡುಗ:
ವೆರ್ಣಾದ ಒಂದು ಫ್ಯಾಕ್ಟರಿಯ ಪ್ಯಾಕಿಂಗ್‌ನಲ್ಲಿ ಮೂರು ವರ್ಷ ಇದ್ದೆ. ಬೆಳಗಿನ ರೈಲಿಗೆ ಹೋದರೆ ಮನೆ ಮುಟ್ಟುವಾಗ ರಾತ್ರಿ. ಹೋದ ತಿಂಗಳು ಕಾಂಟ್ರಾಕ್ಟ್ ಮುಗಿಯಿತು ಅಂತ ನಮ್ಮನ್ನು ಬಿಟ್ಟರು. ಸಂಬಳ 18,000, ಅದರಲ್ಲಿ ಇಎಸ್‌ಐಗೆ (ನೌಕರರ ವಿಮೆ) 135 ರೂಪಾಯಿ ಕಟ್. ಭತ್ಯೆಗೆ ಕರ್ನಾಟಕದಲ್ಲಿ ಕೇಳಬೇಕಾ, ಗೋವಾದಲ್ಲಾ? ಡಿಗ್ರಿ 2020ರಲ್ಲಿ ಆಗಿದೆ, ಯುವನಿಧಿ ಸಿಗುತ್ತಾ?

ಕಾಳಿ ದಂಡೆ:
ಯುವನಿಧಿ ಬಿಟ್ಟುಬಿಡಿ. ಅದು ರಾಜ್ಯದ್ದು, 2022-23ರಿಂದ ಈಚೆ ಪಾಸಾದವರಿಗೆ ಮಾತ್ರ. ನಿಮಗೆ ಬೇಕಾದದ್ದು ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಇಎಸ್‌ಐ ಕೇಂದ್ರದ್ದಲ್ವಾ, ಗಡಿಯ ಮಾಜಾಳಿ ಚೆಕ್‌ಪೋಸ್ಟ್ ಅದಕ್ಕೆ ಲೆಕ್ಕಕ್ಕಿಲ್ಲ. ಎರಡು ವರ್ಷ ಇಎಸ್‌ಐನಲ್ಲಿ ಇದ್ದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಆರಾರು ತಿಂಗಳ ಅವಧಿ ಅವರ ಲೆಕ್ಕ, ಕೆಲಸ ಹೋಗುವ ಹಿಂದಿನ ಅವಧಿಯಲ್ಲಿ 78 ದಿನ, ಅದಕ್ಕೂ ಮುಂಚಿನ ಮೂರು ಅವಧಿಗಳಲ್ಲಿ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಕೆಲಸ ಹೋಗಿ 30 ದಿನ ಆದ ಮೇಲೆ ಆನ್‌ಲೈನ್‌ನಲ್ಲಿ ನೀವೇ ಹಾಕಬಹುದು, ಕಂಪನಿಯವರ ಕಾಲು ಹಿಡಿಯಬೇಕಿಲ್ಲ. ಯೋಜನೆಯ ಅವಧಿ ಆಗಾಗ ಮುಂದಕ್ಕೆ ಹೋಗುತ್ತಾ ಬಂದಿದೆ, ಹಾಕುವ ಮುಂಚೆ ಈಗ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ.

ಮಾಜಾಳಿ ಹುಡುಗ:
ಎಷ್ಟು ಬರಬಹುದು? 24 ತಿಂಗಳು ಕೊಡುತ್ತಾರೆ ಅಂತ ರೈಲಿನಲ್ಲಿ ಒಬ್ಬರು ಹೇಳಿದರು.

ಲೆಕ್ಕದ ಮಾವ:
ರೈಲಿನವರು ಹೇಳಿದ್ದು ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ. ಅದು ಫ್ಯಾಕ್ಟರಿ ಮುಚ್ಚಿದರೆ, ಕಾನೂನು ಪ್ರಕಾರ ರಿಟ್ರೆಂಚ್ ಮಾಡಿದರೆ, ಅಂದರೆ ಆಳು ಹೆಚ್ಚಾಯಿತು ಅಂತ ಕೆಲಸದಿಂದ ತೆಗೆದರೆ. ಸುಮ್ನೆ ಕಾಂಟ್ರಾಕ್ಟ್ ಮುಗಿದರೆ ರಿಟ್ರೆಂಚ್‌ಮೆಂಟ್ ಅನ್ನುವುದಿಲ್ಲ. ನಿಮ್ಮದು ಹೆಚ್ಚೆಂದರೆ 90 ದಿನ, ಅದೂ ಜೀವನದಲ್ಲಿ ಒಂದೇ ಸಲ. ಎರಡು ವರ್ಷದ ಸಂಬಳ 4,32,000, ಅದಕ್ಕೆ 730 ಭಾಗ, ದಿನಕ್ಕೆ 592ರ ಹತ್ತಿರ. ಅದರ ಅರ್ಧ ಕೊಡುತ್ತಾರೆ. ಒಟ್ಟು ಇಪ್ಪತ್ತಾರೂವರೆ ಸಾವಿರ. ಬೇರೆ ಕೆಲಸ ಸಿಕ್ಕಿದ ದಿನ ನಿಲ್ಲುತ್ತದೆ.

ಅಸ್ನೋಟಿ ಅಕ್ಕ:
ತಮ್ಮಾ, ಮೊದಲು ಹೆಸರು ನೋಡು. ನನಗೆ ಆಧಾರ್‌ನಲ್ಲಿ ನಾಯ್ಕ, ಇಎಸ್‌ಐನಲ್ಲಿ ನಾಯಕ. ಆ ಒಂದು ಅಕ್ಷರ ಸರಿ ಮಾಡಿಸಲು ಎರಡು ತಿಂಗಳು ಓಡಾಡಿದ್ದೇನೆ.

ಮಾಜಾಳಿ ಹುಡುಗ:
ಅಕ್ಕಾ, ಈಗ ಕಾರ್ಡ್ ತೆಗೆದು ನೋಡಿದೆ. ಹೆಸರು ಸರಿ ಇದೆ, ಹುಟ್ಟಿದ ವರ್ಷ ತಪ್ಪು.