ಉಬ್ಬುಹಲ್ಲು, ಮ್ಯಾಲ ಕಂದು ಕಲಿ: ಕ್ಲಿಪ್ ಹಾಕಸೋದೋ, ಅಲೈನರೋ?

ಬೆಟಗೇರಿ ಮಗ್ಗ:

ನಮಸ್ಕಾರ್ರಿ ಎಲ್ಲಾರಿಗೂ. ಮಗಳಿಗೆ 19 ವರ್ಷ, ಹುಬ್ಬಳ್ಳಿಯಾಗ ಬಿಕಾಂ ಓದಾಕತ್ತಾಳ. ಮ್ಯಾಲಿನ ಹಲ್ಲು ಉಬ್ಬ್ಯಾವು, ತುಟಿ ಪೂರಾ ಮುಚ್ಚಂಗಿಲ್ಲ. ಕೆಳಗಿನ ಮುಂದಿನ ಹಲ್ಲು ಒಂದರ ಮ್ಯಾಲೊಂದು ಏರ್ಯಾವು. ಸಣ್ಣಾಕಿ ಇದ್ದಾಗ ಮುಂಡರಗಿ ಕಡೆ ಬೋರ್ ನೀರು ಕುಡದು ಬೆಳದಾಳ, ಹಂಗಾಗಿ ಹಲ್ಲಿನ ಮ್ಯಾಲ ಕಂದು ಪಟ್ಟಿ, ಬಿಳಿ ಮಚ್ಚಿ ಅದಾವು.

ಎರಡು ಕಡೆ ತೋರಿಸೀವಿ. ಎಲ್ಲಾ ಹಲ್ಲು ಒಂದರಾಗ ಕಾಣೋ ಎಕ್ಸ್‌ರೇ (ಒಪಿಜಿ), ಬದಿಯಿಂದ ತಗಿಯೋ ತಲಿ ಎಕ್ಸ್‌ರೇ (ಸೆಫಲೋಗ್ರಾಮ್), ಎರಡೂ ಆಗ್ಯಾವು. ಅಳತಿ ಇಬ್ಬರದೂ ಒಂದ: ಮ್ಯಾಲಿನ ಹಲ್ಲು ಕೆಳಗಿನದಕ್ಕಿಂತ 7 ಮಿ.ಮೀ. ಮುಂದ ಅದಾವು, ಕೆಳಗ 5 ಮಿ.ಮೀ. ಜಾಗ ಕಡಿಮಿ ಐತಿ. ಒಬ್ಬರು ನಾಕು ಸಣ್ಣ ದವಡಿ ಹಲ್ಲು ತಗದು ಲೋಹದ ಕ್ಲಿಪ್, ಎರಡು ವರ್ಷ, 45,000 ಅಂದ್ರು. ಇನ್ನೊಬ್ಬರು ಅವ ನಾಕು ಹಲ್ಲು ತಗದು ಪಾರದರ್ಶಕ ಅಲೈನರ್ (ಹಲ್ಲಿನ ಮ್ಯಾಲ ಹಾಕಿ ತಗಿಯೋ ಪ್ಲಾಸ್ಟಿಕ್ ಟ್ರೇ), 46 ಸೆಟ್, ಸೆಟ್ಟಿಗೆ 10 ದಿನ, 1,70,000 ಅಂದ್ರು. ಮಗಳು ಅಲೈನರ್ ಅಂತಾಳ, ಕಾಣಂಗಿಲ್ಲ ಅಂತ. ರೊಕ್ಕದ ಮಾತು ಆಮ್ಯಾಲ ನೋಡೂಣು. ಇಕಿ ಹಲ್ಲಿಗೆ ಯಾವುದು ಕೆಲಸ ಮಾಡ್ತೈತಿ, ಯಾಕ ಮಾಡ್ತೈತಿ ಅನ್ನೋದು ತಿಳೀಬೇಕು. ಕಂದು ಕಲಿಗೂ ಇದಕ್ಕೂ ಏನರ ಸಂಬಂಧ ಐತೇನ್ರಿ? ಆ ಮಾತು ಇಬ್ಬರೂ ತಗೀಲಿಲ್ಲ.

ತಂತಿ 19-25:

ಕಾಣುತ್ತದೋ ಇಲ್ಲವೋ ಅನ್ನೋದನ್ನ ಕೊನೆಗೆ ಇಟ್ಟುಕೊಳ್ಳಿ. ಹಲ್ಲಿನ ತಲೆ ವಾಲಿದರೆ ಸಾಕೋ, ಬೇರೂ ಜೊತೆಗೆ ಸರಿಯಬೇಕೋ, ಅದರ ಮೇಲೆ ನಿರ್ಧಾರ ಆಗಬೇಕು. ನಿಮ್ಮ ಅಳತೆಗೆ ಬೇರು ಸರಿಯಲೇಬೇಕು.

ಎರಿ ಹೊಲದಾಗ ನೆಟ್ಟ ಗೂಟದ ತುದಿ ಹಿಡಿದು ತಳ್ಳಿ ನೋಡಿ, ವಾಲುತ್ತದೆ. ನೆಟ್ಟಗೆ ನಿಂತಂತೆಯೇ ಪಕ್ಕಕ್ಕೆ ಹೋಗೋದಿಲ್ಲ. ಅಲೈನರ್ ಹಿಡಿಯೋದು ಬರೀ ತುದಿಯನ್ನ. ಅದು ಮುಕ್ಕಾಲು ಮಿ.ಮೀ. ದಪ್ಪದ ಪ್ಲಾಸ್ಟಿಕ್. ಹಲ್ಲು ತೆಗೆದ ಜಾಗದಲ್ಲಿ ಅದಕ್ಕೆ ಆಸರೆಯೇ ಇರಲ್ಲ, ಅಲ್ಲೇ ಬಾಗುತ್ತದೆ. ಬಾಗಿದಾಗ ಹಿಂದಿನ ದವಡೆ ಹಲ್ಲು ಖಾಲಿ ಜಾಗದ ಕಡೆಗೆ ಮುಗ್ಗರಿಸುತ್ತವೆ, ಮುಂದಿನ ಹಲ್ಲು ಒಳಕ್ಕೂ ಕೆಳಕ್ಕೂ ವಾಲುತ್ತವೆ. ಜಾಗ ಮುಚ್ಚಿದ ಹಾಗೆ ಕಾಣುತ್ತದೆ, ಆದರೆ ಹಿಂದೆ ಹಲ್ಲಿಗೆ ಹಲ್ಲು ತಾಗೋದಿಲ್ಲ, ಅಗಿಯೋಕೆ ಆಗೋದಿಲ್ಲ. ನಾಲ್ಕು ಹಲ್ಲು ತೆಗೆದು ಅಲೈನರ್ ಹಾಕಿದಾಗ ಪದೇ ಪದೇ ಎದುರಾಗುವ ತೊಂದರೆ ಇದು.

ಕ್ಲಿಪ್ಪಿನಲ್ಲಿ ಹೇಗೆ ನಡೆಯುತ್ತದೆ ನೋಡಿ. ಹಲ್ಲಿಗೆ ಅಂಟಿಸುವ ಪುಟ್ಟ ಬಿಲ್ಲೆಗೆ ಬ್ರಾಕೆಟ್ ಅಂತಾರೆ. ಅದರ ನಡುವೆ ತಂತಿ ಕೂರುವ ಚೌಕಾಕಾರದ ತೋಡು ಇರುತ್ತದೆ, ಸಾಮಾನ್ಯವಾಗಿ 0.022 ಇಂಚು. ಮೊದಲು 0.014 ಅಥವಾ 0.016 ಇಂಚಿನ ದುಂಡನೆಯ ನಿಕ್ಕಲ್-ಟೈಟೇನಿಯಂ ತಂತಿ ಹಾಕ್ತಾರೆ. ಅದು ಮೆತ್ತಗಿರುತ್ತದೆ, ಏರಿದ ಹಲ್ಲನ್ನ ಸಾಲಿಗೆ ತರುತ್ತದೆ. ನಾಲ್ಕಾರು ತಿಂಗಳಾದ ಮೇಲೆ ಚೌಕ ತಂತಿ, ಕೊನೆಗೆ 0.019×0.025ರ ಸ್ಟೀಲ್. ಚೌಕ ತೋಡಿನಲ್ಲಿ ಚೌಕ ತಂತಿ ಕೂತರೆ ಹಲ್ಲು ವಾಲಲು ಬಿಡಲ್ಲ, ಬೇರನ್ನೂ ಎಳೆದು ತರುತ್ತದೆ. ಜಾಗ ಮುಚ್ಚೋದು ತಿಂಗಳಿಗೆ ಹೆಚ್ಚುಕಮ್ಮಿ 1 ಮಿ.ಮೀ. ತೆಗೆದ ಹಲ್ಲಿನ ಅಗಲ ಸುಮಾರು 7 ಮಿ.ಮೀ., ಅಂದರೆ ಅದಕ್ಕೇ 7-8 ತಿಂಗಳು. ಎರಡು ವರ್ಷ ಅಂದವರು ಸರಿಯಾಗೇ ಹೇಳಿದ್ದಾರೆ.

ಇಬ್ಬರಿಗೂ ಒಂದು ಪ್ರಶ್ನೆ ಕೇಳಿ: ಆಂಕರೇಜ್‌ಗೆ, ಅಂದರೆ ಹಿಂದಿನ ದವಡೆ ಹಲ್ಲು ಮುಂದೆ ಬರದ ಹಾಗೆ ಹಿಡಿದಿಡೋದಕ್ಕೆ, ಏನು ಮಾಡ್ತೀರಿ? ಮೇಲೆ ಎರಡೂ ಬದಿ 7 ಮಿ.ಮೀ. ಜಾಗ ಸಿಗುತ್ತದೆ. ಮುಂದಿನ ಹಲ್ಲು ಕನಿಷ್ಠ 5 ಹಿಂದೆ ಹೋಗಬೇಕು, ಕೆಳಗಿನವೂ ಹಿಂದೆ ಸರಿದರೆ ಅಷ್ಟು ಇನ್ನೂ ಹೆಚ್ಚು. ಹಂಗಾದ್ರ ದವಡೆ ಹಲ್ಲು 2ಕ್ಕಿಂತ ಹೆಚ್ಚು ಮುಂದೆ ಬರುವ ಹಾಗೇ ಇಲ್ಲ. ಅದಕ್ಕೆ ಮೇಲೆ ಎರಡು ಬದಿ ದವಡೆಯ ಎಲುಬಿಗೆ ಮಿನಿ ಸ್ಕ್ರೂ ಹಾಕೋದು ವಾಡಿಕೆ, ಒಂದೂವರೆ ಮಿ.ಮೀ. ದಪ್ಪ, 8 ಮಿ.ಮೀ. ಉದ್ದ. ಅಷ್ಟು ಜಾಗ ಮರಗಟ್ಟಿಸಿ ಹಾಕ್ತಾರೆ, ಕೆಲಸ ಮುಗಿದ ಮೇಲೆ ತಿರುಪಿ ತೆಗೀತಾರೆ. ಈ ಪ್ರಶ್ನೆಗೆ ನೇರ ಉತ್ತರ ಕೊಡದವರ ಹತ್ತಿರ ಹಲ್ಲು ಕೀಳಿಸಬೇಡಿ.

ಅಲೈನರ್ ಕೆಟ್ಟದ್ದು ಅಂತ ಅಲ್ಲ. 4-5 ಮಿ.ಮೀ. ಒಳಗಿನ ಇಕ್ಕಟ್ಟು, ಹಲ್ಲಿನ ನಡುವೆ ಸಂದು, ಒಂದೆರಡು ಹಲ್ಲು ಒಳಗೆ ಕಚ್ಚೋದು, ಇಂಥವಕ್ಕೆ ಚಲೋ ಕೆಲಸ ಮಾಡುತ್ತದೆ, ವಸಡೂ ಸ್ವಚ್ಛ ಇರುತ್ತದೆ. ನಿಮ್ಮದರಲ್ಲಿ ಇಕ್ಕಟ್ಟಿನ ಜೊತೆಗೆ ಉಬ್ಬೂ ಇದೆ, ಹಲ್ಲು ತೆಗೆದು ಬೇರು ಸರಿಸಬೇಕು, ಹಾಗಾಗಿ ಆ ಗುಂಪಿನದಲ್ಲ. ನಾನಾದರೆ ಕ್ಲಿಪ್ಪೇ ಅಂತೀನಿ.

ಪ್ಲಾಸ್ಟರ್ ಧೂಳು:

ಸರ್ ಹೇಳಿದ್ದು ಖರೇ ಐತಿ. ಟ್ರೇ ತಯಾರಾಗೋ ಕಡೆಯಿಂದ ನಾಕು ಮಾತು ಸೇರಸ್ತೀನಿ.

46 ಸೆಟ್ ಅಂದ್ರ 460 ದಿನ, ಹದಿನೈದು ತಿಂಗಳು. ಇದು ಕಂಪ್ಯೂಟರಿನ ಲೆಕ್ಕ. ಒಂದೊಂದು ಟ್ರೇಗೆ ಹಲ್ಲು 0.25 ಮಿ.ಮೀ. ಸರೀತೈತಿ ಅಂತ ಹಿಡದು ಮಾಡಿದ್ದು. ಬಾಯಾಗ ಹಲ್ಲು ಅಷ್ಟು ಪೂರಾ ಸರಿಯಂಗಿಲ್ಲ, ಅದರಾಗೂ ದುಂಡಗಿರೋ ಕೋರೆಹಲ್ಲು ತಿರುಗೋದು ಹಿಂದ ಬೀಳ್ತೈತಿ. ಕಡೀಕ ಮತ್ತ ಸ್ಕ್ಯಾನ್ ಮಾಡಿ ಹೊಸಾ ಟ್ರೇ ತರಸಬೇಕಾಗ್ತೈತಿ, ಅದಕ್ಕ ರಿಫೈನ್‌ಮೆಂಟ್ ಅಂತಾರ. ಇಂಥ ಕೇಸಿನಾಗ ಒಂದು ಸಲ ಅಂತೂ ಬಂದ ಬರ್ತೈತಿ. 1,70,000ದಾಗ ಎಷ್ಟು ರಿಫೈನ್‌ಮೆಂಟ್ ಸೇರ್ಯಾವು, ರಿಟೇನರ್ (ಹಲ್ಲು ಮತ್ತ ಹಳೇ ಜಾಗಕ್ಕ ಹೋಗದಂಗ ಕಡೀಕ ಹಾಕೋದು) ಸೇರೈತೋ ಇಲ್ಲೋ, ಕಾಗದದ ಮ್ಯಾಲ ಬರಸಕೋರಿ.

ಕಾಣಂಗಿಲ್ಲ ಅನ್ನೋದೂ ಅರ್ಧ ಖರೇ. ಟ್ರೇ ಹಿಡೀಲಿ ಅಂತ ಹಲ್ಲಿನ ಮ್ಯಾಲ ಜ್ವಾಳದ ಕಾಳಿಗಿಂತ ಸಣ್ಣ ಗುಬುಟು ಅಂಟಸ್ತಾರ, ಅಟ್ಯಾಚ್‌ಮೆಂಟ್ ಅಂತ. ಹಲ್ಲು ಕಿತ್ತ ಸಂದಿನಾಗ ಟ್ರೇ ಒಳಗ ಹಲ್ಲಿನ ಬಣ್ಣ ತುಂಬಿ ಕೊಡ್ತಾರ, ಆದ್ರ ಉಣ್ಣಾಕ ತಗದಾಗ ಸಂದು ಕಂಡ ಕಾಣಸ್ತೈತಿ.

ಟ್ರೇ ಕೂತೈತೋ ಇಲ್ಲೋ ನೋಡೋದು ಹೀಂಗ: ಕನ್ನಡಿ ಮುಂದ ನಿಂತು ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ನಡುವ ನೋಡ್ರಿ. ಗಾಳಿಗುಳ್ಳಿ ಹಂಗ ಬೆಳ್ಳನ ಸಂದು ಕಂಡರ ಹಲ್ಲು ಹಿಂದ ಉಳದೈತಿ ಅಂತ ಅರ್ಥ. ಮೆತ್ತನ ರಬ್ಬರ್ ಕೊಳವಿ ಕೊಟ್ಟಿರ್ತಾರ, ಅದನ್ನ ದಿನಕ್ಕ ಎರಡು ಸಲ ಐದೈದು ನಿಮಿಷ ಕಚ್ಚಬೇಕು. ಹಂಗೂ ಸಂದು ಉಳದ್ರ ಮುಂದಿನ ಟ್ರೇಗೆ ಹೋಗಬಾರದು, ಅದನ್ನ ಇನ್ನೊಂದಿಷ್ಟು ದಿನ ಹಾಕ್ಕೋಬೇಕು. ಹತ್ತು ದಿನ ಆತು ಅಂತ ಬದಲಿ ಮಾಡಿದ್ರ ನಾಕನೇ ಟ್ರೇಗೆ ಎಲ್ಲಾ ತಪ್ಪತೈತಿ.

ಇನ್ನ ಟ್ರೇ ದಿನಕ್ಕ 22 ತಾಸು ಬಾಯಾಗ ಇರಬೇಕು, ಅಂದ್ರ ನಾಷ್ಟಾ, ಊಟ, ಚಾ ಎಲ್ಲಾ ಸೇರಿ ಉಳಿಯೋದು ಎರಡ ತಾಸು. ಟ್ರೇ ಇಟ್ಕೊಂಡು ಬಿಸಿ ಚಾ ಕುಡದ್ರ ಪ್ಲಾಸ್ಟಿಕ್ ಸೊಟ್ಟ ಆಗ್ತೈತಿ, ಸಕ್ಕರಿ ಒಳಗ ನಿಂತು ಹಲ್ಲು ಹುಳುಕಾಗ್ತಾವು. ಹಾಸ್ಟೆಲ್ ಹುಡುಗ್ಯಾರು ಮೆಸ್ಸಿನಾಗ ಟ್ರೇ ತಗದು ಟಿಶ್ಯೂದಾಗ ಸುತ್ತಿ ಇಡ್ತಾರ, ತಾಟಿನ ಜೋಡಿ ಅದೂ ಕಸಕ್ಕ ಹೋಗ್ತೈತಿ. ಡಬ್ಬಿ ಬಿಟ್ಟು ಬ್ಯಾರೆ ಕಡೆ ಇಡಬಾರದು, ಹಿಂದಿನ ಎರಡು ಟ್ರೇ ಒಗೀಬಾರದು.

ಬಾವಿ-ಬೋರ್:

ಕಂದು ಕಲೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಈ ಕೇಸಿನಲ್ಲಿ ಅದೇ ದೊಡ್ಡದು ಅಂತ ನನ್ನ ಅನಿಸಿಕೆ.

ಅದು ಡೆಂಟಲ್ ಫ್ಲೋರೋಸಿಸ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರೇ ಇಲ್ಲದಾಗ 1.5ರ ತನಕ ನಡೆಯುತ್ತದೆ ಅನ್ನೋದು ನಮ್ಮ ದೇಶದ ಮಾನದಂಡ. ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ಭಾಗದ ಎಷ್ಟೋ ಬೋರುಗಳಲ್ಲಿ ಅದಕ್ಕಿಂತ ಹೆಚ್ಚಿದೆ. ಎಂಟು ವರ್ಷದೊಳಗೆ, ಹಲ್ಲು ಒಳಗೇ ತಯಾರಾಗುವಾಗ, ಆ ನೀರು ಕುಡಿದರೆ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಪದರ, ಸರಿಯಾಗಿ ಗಟ್ಟಿ ಆಗೋದಿಲ್ಲ. ಮೇಲಿನ ಪದರ ಆಸಿಡ್‌ಗೆ ಜಗ್ಗದಷ್ಟು ಬಿರುಸು, ಅದರ ಕೆಳಗೆ ಪೊಳ್ಳು.

ಬ್ರಾಕೆಟ್ ಅಂಟೋದು ಆಸಿಡ್ ತಿಂದ ಒರಟು ಎನಾಮಲ್ಲಿಗೆ. ಒಳ್ಳೆ ಹಲ್ಲಿಗೆ 37 ಪರ್ಸೆಂಟ್ ಫಾಸ್ಫಾರಿಕ್ ಆಸಿಡ್ 15ರಿಂದ 30 ಸೆಕೆಂಡ್ ಹಚ್ಚಿ, ತೊಳೆದು, ಗಾಳಿ ಹೊಡೆದರೆ ಸುಣ್ಣ ಬಳಿದಂಥ ಮಂಕು ಬಿಳುಪು ಬರುತ್ತದೆ. ಕಲೆ ಇರುವ ಹಲ್ಲಿನಲ್ಲಿ ಅಷ್ಟೇ ಹೊತ್ತು ಹಚ್ಚಿದರೆ ಹಲ್ಲು ಮೊದಲಿನ ಹಾಗೇ ಹೊಳೆಯುತ್ತಿರುತ್ತದೆ. ಆ ಹೊಳಪಿನ ಮೇಲೆ ಅಂಟಿಸಿದ ಬ್ರಾಕೆಟ್ ವಾರದೊಳಗೆ ಕೈಗೆ ಬರುತ್ತದೆ. ಅದಕ್ಕೆ ಮೊದಲು ಪ್ಯೂಮಿಸ್ ಪುಡಿಯಿಂದ ಉಜ್ಜಬೇಕು, ಕಲೆ ಜಾಸ್ತಿ ಇದ್ದರೆ ಸೂಕ್ಷ್ಮ ಅಲ್ಯೂಮಿನಾ ಪುಡಿ ಊದಿ ಮೇಲ್ಪದರ ಒರಟು ಮಾಡಬೇಕು, ಆಸಿಡ್ 60 ಸೆಕೆಂಡ್ ಅಥವಾ ಬಿಳುಪು ಬರುವ ತನಕ ಇಡಬೇಕು, ಆಮೇಲೆ ಅಂಟು ಹಿಡಿಯೋಕೆ ಪ್ರೈಮರ್ ಅನ್ನೋ ದ್ರವ ಹಚ್ಚಬೇಕು. ಹಿಂದಿನ ದೊಡ್ಡ ದವಡೆಗೆ ಅಂಟಿಸುವ ಬದಲು ಸುತ್ತಲೂ ಕೂರುವ ಸ್ಟೀಲ್ ಬ್ಯಾಂಡನ್ನ ಗ್ಲಾಸ್ ಅಯನೋಮರ್ ಸಿಮೆಂಟಿನಿಂದ ಕೂರಿಸಿದರೆ ನಿಶ್ಚಿಂತೆ.

ಇದರಿಂದ ಅಲೈನರ್ ತಪ್ಪಿಸಿಕೊಳ್ತದೆ ಅಂದುಕೊಳ್ಳಬೇಡಿ. ಅಟ್ಯಾಚ್‌ಮೆಂಟ್ ಅಂಟೋದೂ ಅದೇ ಎನಾಮಲ್ಲಿಗೆ, ಟ್ರೇ ದಿನಕ್ಕೆ ನಾಲ್ಕಾರು ಸಲ ಅದನ್ನೇ ಎಳೆಯುತ್ತದೆ. ಅದು ಬಿದ್ದದ್ದು ಎಷ್ಟೋ ಸಲ ಗೊತ್ತೇ ಆಗಲ್ಲ, ಹಲ್ಲು ಸರಿಯೋದು ಸುಮ್ಮನೆ ನಿಂತುಬಿಡುತ್ತದೆ. ಬ್ರಾಕೆಟ್ ಬಿದ್ದರೆ ತಂತಿ ಮೇಲೆ ಅಲುಗಾಡಿ ಗೊತ್ತು ಮಾಡುತ್ತದೆ.

ಇನ್ನೊಂದು. ಶುರು ಮಾಡೋಕೆ ಮುಂಚೆ ಹಲ್ಲು ಒಣಗಿಸಿ, ಹತ್ತಿರದಿಂದ ಫೋಟೋ ತೆಗೆಸಿ ಒಂದು ಪ್ರತಿ ಇಟ್ಟುಕೊಳ್ಳಿ. ಸರಿಯಾಗಿ ಉಜ್ಜದಿದ್ದರೆ ಬ್ರಾಕೆಟ್ ಸುತ್ತ ಒಂದು ತಿಂಗಳಲ್ಲೇ ಬಿಳಿ ಮಚ್ಚೆ ಶುರುವಾಗಬಹುದು. ಮೊದಲಿಂದಲೂ ಇದ್ದ ಮಚ್ಚೆ ಯಾವುದು, ಹೊಸದು ಯಾವುದು ಅನ್ನೋದಕ್ಕೆ ಆ ಫೋಟೋ ಒಂದೇ ಸಾಕ್ಷಿ.

ಬೆಟಗೇರಿ ಮಗ್ಗ:

ಭಾಳ ಉಪಕಾರ ಆತ್ರಿ. ಮೂರು ಸಂಶಯ ಉಳದಾವು. ಒಂದು, ಹಲ್ಲಿನ ಬಣ್ಣದ ಸಿರಾಮಿಕ್ ಕ್ಲಿಪ್ ಹಾಕಸಿದ್ರ ಮಗಳೂ ಒಪ್ಪತಾಳ, ನಡೀತೈತೇನು? ಎರಡು, ಫ್ಲೋರೈಡ್‌ನಿಂದ ಕೆಟ್ಟ ಹಲ್ಲಿಗೆ ಫ್ಲೋರೈಡ್ ಪೇಸ್ಟ್ ಹಚ್ಚಬಾರದು ಅಂತಾರ, ಹೌದೇನು? ಮೂರು, ಕಡಕ್ ರೊಟ್ಟಿ ಪೂರಾ ಬಿಡಬೇಕೇನು?

ಬಾವಿ-ಬೋರ್:

ಪೇಸ್ಟಿನದು ತಪ್ಪು ತಿಳುವಳಿಕೆ. 19ಕ್ಕೆ ಹಲ್ಲು ತಯಾರಾಗಿ ಮುಗಿದಿದೆ, ಇನ್ನು ಫ್ಲೋರೈಡಿನಿಂದ ಹೊಸ ಕಲೆ ಬರೋದಿಲ್ಲ. ಕ್ಲಿಪ್ ಇರುವಷ್ಟು ದಿನ 1000ದಿಂದ 1450 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್ ಬೇಕೇ ಬೇಕು. ಉಜ್ಜಿ ಉಗುಳಲಿ, ನುಂಗಬಾರದು ಅಷ್ಟೇ.

ಸಿರಾಮಿಕ್ ಬೇಡ. ಅದು ಬಿಗಿಯಾಗಿ ಅಂಟುತ್ತದೆ, ತಾನು ಬಾಗೋದಿಲ್ಲ. ಕೊನೆಗೆ ತೆಗೆಯುವಾಗ ಲೋಹದ್ದಾದರೆ ಇಕ್ಕಳದಲ್ಲಿ ಅದುಮಿದರೆ ಬಾಗಿ ಕಳಚುತ್ತದೆ. ಸಿರಾಮಿಕ್ ಕಳಚುವಾಗ ಪೊಳ್ಳು ಎನಾಮಲ್ಲಿನ ಚೂರನ್ನೂ ಕಿತ್ತುಕೊಂಡು ಬರಬಹುದು. ಆ ಚೂರು ಮತ್ತೆ ಬೆಳೆಯೋದಿಲ್ಲ.

ಕನ್ನಡಿ-ಚಿಮಟಿ:

ರೊಟ್ಟಿ ಬಿಡೋದು ಬ್ಯಾಡ, ಕಡಕ್ ಬಿಡ್ರಿ. ಬಿಸಿ ಮೆತ್ತನ ರೊಟ್ಟಿ ಸಣ್ಣಗ ಮುರದು ಪಲ್ಲೆದಾಗ, ಸಾರಿನಾಗ ನೆನಸಿ ಹಿಂದಿನ ಹಲ್ಲಿನಾಗ ಅಗೀಲಿ. ಕಡಕ್ ರೊಟ್ಟಿ, ಹುರದ ಶೇಂಗಾ, ಕಬ್ಬು, ಪ್ಯಾರಲಕಾಯಿ ಮುಂದಿನ ಹಲ್ಲಿನಾಗ ಕಚ್ಚಿದ್ರ ಬ್ರಾಕೆಟ್ ಹಾರ್ತಾವು. ಕರದಂಟು, ಚಿಕ್ಕಿ ಇನ್ನೂ ಕೆಟ್ಟ, ಅಂಟಿಕೊಂಡು ಎಳೀತಾವು. ಅರಿಷಿಣದ ಅಡಗಿಗೆ ಬ್ರಾಕೆಟ್ಟಿಗೆ ತಂತಿ ಹಿಡಿಯೋ ಬಣ್ಣ ಇಲ್ಲದ ರಬ್ಬರ್ ಉಂಗುರ ಎರಡ ದಿನಕ್ಕ ಹಳದಿ ಆಗ್ತಾವು, ಬೂದಿ ಬಣ್ಣದ್ದು ಹಾಕ್ಸ್ರಿ.

ಉಜ್ಜೋದು ಹೀಂಗ: ಬ್ರಷ್ ಮೊದಲು ಬ್ರಾಕೆಟ್ಟಿನ ಮ್ಯಾಲಿನ ಅಂಚಿಗೆ, ವಸಡಿನ ಕಡೆ ಓರೆ ಹಿಡೀಬೇಕು, ಆಮ್ಯಾಲ ಕೆಳಗಿನ ಅಂಚಿಗೆ. ತಂತಿ ಕೆಳಗ ಸಣ್ಣ ಶೀಸೆ ಬ್ರಷ್ಷಿನಂಥದು ಸಿಗ್ತೈತಿ, ಇಂಟರ್‌ಡೆಂಟಲ್ ಬ್ರಷ್, ಅದನ್ನ ಒಂದೊಂದು ಹಲ್ಲಿಗೂ ಆಡಸಬೇಕು. ರಾತ್ರಿ ಇದು ತಪ್ಪಬಾರದು.

ತಂತಿ ತುದಿ ಕೆನ್ನಿಗೆ ಚುಚ್ಚಿದ್ರ ಆ ಜಾಗ ಒರಸಿ, ಮೇಣ ಉಂಡಿ ಮಾಡಿ ಹಚ್ರಿ. ಬ್ರಾಕೆಟ್ ಬಿಚ್ಚಿ ತಂತಿ ಮ್ಯಾಲ ತಿರಗಾಕತ್ರ ಕಿತ್ತು ಒಗೀಬ್ಯಾಡ್ರಿ, ಫೋನ್ ಮಾಡಿ ಹೋಗ್ರಿ. ಗದಗದಿಂದ ಹೋಗಿ ಬರೋದಕ್ಕ ಅರ್ಧ ದಿನ ಬೇಕು. ಮಗಳು ಹುಬ್ಬಳ್ಳಿಯಾಗ ಇದ್ದಾಳಂದ್ರ ಅಲ್ಲೇ ತೋರಿಸೋದು ಚಲೋ, 4ರಿಂದ 6 ವಾರಕ್ಕೊಮ್ಮೆ ಹೋಗಬೇಕಾಗ್ತೈತಿ.

ತಂತಿ 19-25:

ಸಿರಾಮಿಕ್ ಬಗ್ಗೆ ನನ್ನದೂ ಅದೇ ಮಾತು. ಕಲೆ ತೆಳುವಾಗಿದ್ದರೆ ಮೇಲಿನ ಮುಂದಿನ ಆರು ಹಲ್ಲಿಗೆ ಮಾತ್ರ ಹಾಕೋದುಂಟು, ಆದರೆ ನೀವು ಹೇಳಿದ ಕಂದು ಪಟ್ಟಿಗೆ ನಾನು ಹಾಕೋದಿಲ್ಲ.

ಖರ್ಚಿನ ಚಿಂತೆ ಇದ್ದರೆ ಸಾತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜಿನ ಆರ್ಥೊಡಾಂಟಿಕ್ಸ್ (ಹಲ್ಲಿನ ಸಾಲು ಸರಿಪಡಿಸುವ) ವಿಭಾಗದಲ್ಲೂ ಒಮ್ಮೆ ತೋರಿಸಿ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ದಾರಿಯಲ್ಲೇ ಇದೆ. ಕಾಲೇಜಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕೈಕೆಳಗೆ ಕೆಲಸ ಮಾಡ್ತಾರೆ. ಆ ಕೋರ್ಸ್ 3 ವರ್ಷದ್ದು, ಹಾಗಾಗಿ ನಿಮ್ಮ ಕೇಸ್ ಮೊದಲ ವರ್ಷದವರಿಗೆ ಬಂದರೆ ಒಬ್ಬರೇ ಕೊನೆಯ ತನಕ ನೋಡ್ತಾರೆ. ಕೊನೆಯ ವರ್ಷದವರಾದರೆ ನಡುವೆ ಕೈ ಬದಲಾಗುತ್ತದೆ. ಎಲ್ಲಿ ಮಾಡಿಸಿದರೂ ಆ ಸ್ನಾತಕೋತ್ತರ ಪದವಿ, ಅಂದರೆ ಎಂಡಿಎಸ್ ಆರ್ಥೊಡಾಂಟಿಕ್ಸ್, ಆದವರೇನಾ ಅಂತ ಕೇಳಿಕೊಳ್ಳಿ.

ಕ್ಲಿಪ್ ತೆಗೆದ ದಿನವೇ ರಿಟೇನರ್ ಕೈಗೆ ಬರಬೇಕು, ಮುಂದಿನ ವಾರ ಬನ್ನಿ ಅಂದರೆ ಒಪ್ಪಬೇಡಿ. ಮೊದಲ ಆರು ತಿಂಗಳು ಊಟ ಬಿಟ್ಟು ಎಲ್ಲಾ ಹೊತ್ತೂ, ಆಮೇಲೆ ರಾತ್ರಿ. ಕೆಳಗಿನ ಮುಂದಿನ ಆರು ಹಲ್ಲಿನ ಹಿಂದೆ ತೆಳು ಹೆಣೆದ ತಂತಿ ಅಂಟಿಸಿ ಬಿಡೋದು ಒಳ್ಳೇದು. ಒಳಮೈಗೂ ಕಲೆ ಇದ್ದರೆ ಅಲ್ಲಿಯೂ ಆ 60 ಸೆಕೆಂಡಿನ ಆಸಿಡ್ ಬೇಕಾಗುತ್ತದೆ ಅಂತ ಮೊದಲೇ ಹೇಳಿಡಿ.