ಕಾರಿನ ಲೆದರ್ ಸೀಟಿಗೆ ಯಾವ ಬ್ರಷ್? ಉಜ್ಜಿ ನೋಡಿದವರು ಹೇಳಿ

ಕೇಳಿದವರು, ಹುಬ್ಬಳ್ಳಿ:
ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಸೀಟು ಕೆನೆ ಬಣ್ಣದ್ದು. ಲೆದರ್ ಅಂತ ಹೇಳಿ ಕೊಟ್ಟರು. ಡ್ರೈವರ್ ಸೀಟಿನ ಅಂಚು ಕಪ್ಪಾಗಿ ಮಿಣಮಿಣ ಅನ್ನುತ್ತದೆ, ಹಿಂದಿನ ಸೀಟಿಗೆ ಜೀನ್ಸ್ ನೀಲಿ ಹತ್ತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೇಲಿನ ಧೂಳು ಹೋಗುತ್ತದೆ, ಗೆರೆಯೊಳಗಿನ ಕೊಳೆ ಅಲ್ಲೇ ಕೂತಿರುತ್ತದೆ. ಒಂದು ಅಂಗಡಿಯಲ್ಲಿ ನೈಲಾನ್ ಬ್ರಷ್ ಸಾಕು ಅಂದರು, ಇನ್ನೊಂದರಲ್ಲಿ ಕುದುರೆ ಕೂದಲಿನದೇ ಬೇಕು ಅಂತ ಮೂರು ಪಟ್ಟು ಬೆಲೆ ಹೇಳಿದರು. ಯಾವುದು ತರಲಿ?

ಬೆಂಗಳೂರು, ನಾಲ್ಕು ವರ್ಷ ಕಾರು ತೊಳೆಯುವ ಅಂಗಡಿಯಲ್ಲಿದ್ದೆ:
ಬ್ರಷ್ ಆಮೇಲೆ ಸರ್, ಮೊದಲು ಸೀಟು ಯಾವುದು ಅಂತ ನೋಡಿ. ಲೆದರ್ ಅಂತ ಹೇಳುವ ಎಷ್ಟೋ ಸೀಟು ಲೆದರೆಟ್ ಆಗಿರುತ್ತದೆ, ಅಂದರೆ ಬಟ್ಟೆಯ ಮೇಲೆ ಪಿವಿಸಿ ಅಥವಾ ಪಿಯು ಅನ್ನುವ ಪ್ಲಾಸ್ಟಿಕ್ ಪದರ. ನಿಜವಾದ ಚರ್ಮವೇ ಆದರೂ ಕಾರಿನ ಸೀಟಿಗೆ ಸಾಮಾನ್ಯವಾಗಿ ಬಣ್ಣ ಹೊಡೆದು, ಅದರ ಮೇಲೆ ತೆಳ್ಳನೆ ಕೋಟಿಂಗ್ ಕೊಟ್ಟಿರುತ್ತಾರೆ. ಬ್ರಷ್ ತಾಗುವುದು ಆ ಕೋಟಿಂಗಿಗೆ. ಅದು ಸವೆದರೆ ಮುಂದಿನ ಸಲ ಬಣ್ಣವೇ ಕಿತ್ತು ಬರುತ್ತದೆ. ಸೀಟಿನ ಕೆಳಗೆ ಕಾಣದ ಕಡೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ನಿಂತರೆ ಮೆತ್ತನೆ ಬ್ರಷ್ ಆಡಿಸಬಹುದು, ಹೀರಿಕೊಂಡು ಅಲ್ಲಿ ಕಪ್ಪಾದರೆ ಕೋಟಿಂಗ್ ಇಲ್ಲ, ಬ್ರಷ್ ಮುಟ್ಟಿಸಲೇ ಬೇಡಿ.

ಅಂಚಿನ ಮಿಣಮಿಣ ಹೊಳಪು ಅಂದಿರಲ್ಲ, ಅದು ಮೈಯ ಜಿಡ್ಡು. ಶುದ್ಧವಾದ ಸೀಟು ಅಷ್ಟು ಹೊಳೆಯುವುದಿಲ್ಲ. ಕುದುರೆ ಕೂದಲಿನ ಬ್ರಷ್ಷೇ ತನ್ನಿ. ಕ್ಲೀನರನ್ನು ಸೀಟಿನ ಮೇಲೆ ಸಿಂಪಡಿಸದೆ ಬ್ರಷ್‌ಗೆ ಹಾಕಿಕೊಂಡು, ಕೈ ಭಾರ ಬಿಡದೆ ಸಣ್ಣ ಸುತ್ತಿನಲ್ಲಿ ನೊರೆ ಬರುವ ತನಕ ಆಡಿಸಿ, ಆ ಕಂದು ನೊರೆ ಒಣಗುವ ಮೊದಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಎತ್ತಿಬಿಡಿ, ಒಣಗಲು ಬಿಟ್ಟರೆ ಕೊಳೆ ಮತ್ತೆ ಗೆರೆಗೇ ಹೋಗಿ ಕೂರುತ್ತದೆ. ಅಂಗೈ ಅಗಲದಷ್ಟು ಜಾಗ ಒಂದು ಸಲಕ್ಕೆ ಸಾಕು.

ದಾವಣಗೆರೆ:
ನಾನು ಮಾಡಿದ ತಪ್ಪು ಹೇಳುತ್ತೇನೆ, ನಗಬೇಡಿ. ಬಟ್ಟೆ ಒಗೆಯುವ ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್. ಹತ್ತು ನಿಮಿಷದಲ್ಲಿ ಸೀಟು ಫಳಫಳ. ಮೂರು ತಿಂಗಳಿಗೆ ಅಂಚಿನಲ್ಲಿ ಬಿಳಿ ಬಿಳಿ ಗೀರು, ಆಮೇಲೆ ಬಿರುಕು. ನಮ್ಮ ಕಡೆ ಧೂಳು ಬೇರೆ ಜಾಸ್ತಿ, ಮೊದಲು ವ್ಯಾಕ್ಯೂಮ್ ಹಿಡಿಯದೆ ಸೀದಾ ಉಜ್ಜಿದ್ದೆ, ಮರಳು ಕಾಗದ ತಿಕ್ಕಿದ ಹಾಗೇ ಆಯಿತು. ಗೋಡೆ ಕಲೆ ತೆಗೆಯುವ ಬಿಳಿ ಮ್ಯಾಜಿಕ್ ಸ್ಪಂಜ್ ಕೂಡ ಬೇಡ, ಅದೂ ಸಣ್ಣಗೆ ಕೆರೆಯುವ ವಸ್ತುವೇ.

ಕಲಬುರಗಿ:
ಎಲ್ಲರೂ ಬ್ರಷ್ ಬ್ರಷ್ ಅನ್ನುತ್ತೀರಿ. ನನ್ನದು ತೂತು ತೂತಿನ ಸೀಟು, ಒಳಗಿನಿಂದ ತಣ್ಣನೆ ಗಾಳಿ ಬರುತ್ತದೆ. ಬ್ರಷ್ ಆಡಿಸಿದರೆ ನೊರೆ ತೂತಿಗೆ ಇಳಿದು ಬಿಳಿ ಚುಕ್ಕೆಯಾಗಿ ಕೂರುತ್ತದೆ, ಕೆಳಗೆ ಫ್ಯಾನ್, ವೈರ್ ಎಲ್ಲ ಇರುತ್ತದೆ ಅಲ್ವಾ. ಹಿಂಡಿದ ಬಟ್ಟೆಯನ್ನು ವಾರಕ್ಕೊಮ್ಮೆ ಆಡಿಸುತ್ತೇನೆ, ಕೊಳೆ ಕೂರಲು ಬಿಟ್ಟರೆ ತಾನೇ ಬ್ರಷ್ ಬೇಕಾಗುವುದು. ಹೊಲಿಗೆಗೆ ಮಾತ್ರ ಮಕ್ಕಳ ಹಲ್ಲುಜ್ಜುವ ಬ್ರಷ್, ದಾರದ ಉದ್ದಕ್ಕೆ.

ಮಂಗಳೂರು:
ಕುದುರೆ ಕೂದಲು ಅಂತ ನೈಲಾನ್ ಮಾರುವವರೂ ಇದ್ದಾರೆ. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ. ಕೂದಲಾದರೆ ಸುಟ್ಟ ಕೂದಲಿನ ನಾತ ಬಂದು ಪುಡಿಯಾಗುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಗಂತ ನೈಲಾನ್ ಎಲ್ಲ ಕೆಟ್ಟದ್ದಲ್ಲ, ಎಳೆ ತೆಳ್ಳಗೆ, ಉದ್ದಕ್ಕೆ, ತುದಿ ಮೆತ್ತಗೆ ಇದ್ದರೆ ಲೆದರೆಟ್‌ಗೆ ನಡೆಯುತ್ತದೆ. ಗಿಡ್ಡ ಎಳೆಯದು ಗಡುಸು. ಅಂಗಡಿಯಲ್ಲೇ ಮಣಿಕಟ್ಟಿನ ಒಳಗೆ ತಿಕ್ಕಿ ನೋಡಿ, ಚುಚ್ಚಿದರೆ ವಾಪಸ್ ಇಡಿ. ಮನೆಯ ಬೂಟ್ ಪಾಲಿಶ್ ಬ್ರಷ್ ಎಷ್ಟೋ ಸಲ ಕುದುರೆ ಕೂದಲಿನದೇ ಆಗಿರುತ್ತದೆ, ಆದರೆ ಒಮ್ಮೆ ಪಾಲಿಶ್ ಕಂಡದ್ದು ನಿಮ್ಮ ಕೆನೆ ಸೀಟಿಗೆ ಬೇಡವೇ ಬೇಡ!

ನಮ್ಮಲ್ಲಿ ಮಳೆಗಾಲಕ್ಕೆ ಸೀಟಿಗೆ ಬೂಸ್ಟು ಬರುತ್ತದೆ. ಅದನ್ನು ಒಣ ಬ್ರಷ್‌ನಲ್ಲಿ ಕೊಡವಬೇಡಿ, ಕಾರಿನ ತುಂಬ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದು, ಬಾಗಿಲು ತೆರೆದು ಒಣಗಿಸಿ. ಬ್ರಷ್ಷನ್ನೂ ತೊಳೆದು ಕೂದಲು ಕೆಳಗಾಗಿ ನೇತು ಹಾಕಿ, ಮೇಲೆ ಮಾಡಿ ಇಟ್ಟರೆ ನೀರು ಮರಕ್ಕೆ ಇಳಿದು ಕೂದಲು ಉದುರುತ್ತದೆ.

ಕೇಳಿದವರು:
ಹನಿ ನಿಂತಿತು. ಕುದುರೆ ಕೂದಲಿನದು 350 ರೂಪಾಯಿಗೆ ಸಿಕ್ಕಿತು, ಕಡ್ಡಿ ಹಚ್ಚಿ ನೋಡಿದೆ, ಅಂಗಡಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಭಾನುವಾರ ಮೂರು ಸುತ್ತು ಮಾಡಿದೆ. ಮೊದಲ ಸಲ ಬಟ್ಟೆಗೆ ಬಂದ ಕೊಳೆ ಚಹಾದ ಬಣ್ಣ! ಅಂಚಿನ ಹೊಳಪು ಹೋಗಿ ಬಣ್ಣ ಬಂದಿದೆ. ಜೀನ್ಸ್ ನೀಲಿ ಮಾತ್ರ ಅರ್ಧ ಉಳಿದಿದೆ. ಇನ್ನೂ ಸ್ವಲ್ಪ ಗಡುಸು ಬ್ರಷ್ ಹಿಡಿಯಲಾ?

ಬೆಂಗಳೂರು:
ಬೇಡ ಸರ್. ಉಳಿದದ್ದು ಕೋಟಿಂಗ್ ಒಳಗೆ ಇಳಿದ ಬಣ್ಣ, ಅದು ಉಜ್ಜಿದರೆ ಬರುವುದಿಲ್ಲ, ಕೋಟಿಂಗ್ ಬರುತ್ತದೆ. ಬಣ್ಣ ತೆಗೆಯುವ ಕ್ಲೀನರ್ ಬೇರೆಯೇ ಸಿಗುತ್ತದೆ, ಕಾಣದ ಮೂಲೆಯಲ್ಲಿ ನೋಡಿಕೊಂಡು ಹಚ್ಚಿ. ಅದಕ್ಕೂ ಹೋಗದಿದ್ದರೆ ಆ ಕಡೆ ಒಂದು ಟವೆಲ್ ಹಾಸಿಬಿಡಿ.